ಒಳಗೆ ಬಿಟ್ಟ ಎರಡಿಂಚು

ಅಳತೆ ಪುಸ್ತಕದಲ್ಲಿ ಪುಟ್ಟಿಯ ಸೊಂಟ ಮತ್ತೆ ಇಪ್ಪತ್ತೊಂದಕ್ಕೆ ಇಳಿದಿತ್ತು.

ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. ನಿನ್ನೆ ತಾನೇ ಟೇಪು ಹಿಡಿದು, ಪೆನ್ಸಿಲಿನಲ್ಲಿ ಇಪ್ಪತ್ಮೂರು ಎಂದು ಬರೆದದ್ದು ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ಸಲವೂ ಹೀಗೇ ಆದಾಗ ತನ್ನ ಮರೆವನ್ನು ತಾನೇ ಬೈದುಕೊಂಡು, ಪುಸ್ತಕ ಹೇಳಿದಂತೆ ಶಾಲೆಯ ಲಂಗ ಹೊಲಿದುಬಿಟ್ಟಿದ್ದಳು. ಈ ಸಲ ಅಂಕಿಯನ್ನು ದಿಟ್ಟಿಸಿದವಳಿಗೆ ಮೈ ಜುಮ್ಮೆಂದಿತು. ಒಂದರ ನೆತ್ತಿಯ ಮೇಲೆ ಪುಟ್ಟದೊಂದು ಕೊಕ್ಕೆ. ಹಾಗೆ ಬರೆಯುತ್ತಿದ್ದವಳು ಅಕ್ಕ ಒಬ್ಬಳೇ, ಪುಟ್ಟಿಯ ಅಮ್ಮ. ಆಸ್ಪತ್ರೆಯಲ್ಲಿ ಅವಳು ತೀರಿಕೊಂಡು ಹತ್ತು ತಿಂಗಳಾಗಿತ್ತು.

ಹೊಲಿಗೆಯಂಗಡಿಯ ಮಷಿನ್ನು, ಟೇಪು ಎಲ್ಲ ಅಕ್ಕನವೇ, ಕೊನೆಗೆ ಗಿರಾಕಿಗಳೂ ಅಕ್ಕನವರೇ. ಕೂರುವ ಸ್ಟೂಲು ಕೆಲವು ಬೆಳಿಗ್ಗೆ, ಯಾರೋ ಈಗಷ್ಟೇ ಎದ್ದು ಹೋದಂತೆ ಬೆಚ್ಚಗಿರುತ್ತಿತ್ತು. ಬಿಸಿಲಿಗಿರಬೇಕು ಎಂದುಕೊಂಡು ಚಿಕ್ಕಮ್ಮ ಕೆಲಸಕ್ಕೆ ಕೂರುತ್ತಿದ್ದಳು.

ಪುಟ್ಟಿಗೆ ಮಾತ್ರ ಯಾರೂ ನಿಜ ಹೇಳಿರಲಿಲ್ಲ. "ಅಮ್ಮ ದೂರದೂರಿಗೆ ಕೆಲಸಕ್ಕೆ ಹೋಗಿದ್ದಾಳೆ" ಎಂದು ಅಜ್ಜಿ ಅಂದೇ ಹೇಳಿಬಿಟ್ಟಿದ್ದಳು. ಹೆತ್ತ ಮಗಳನ್ನು ಕಳೆದುಕೊಂಡ ಮುದುಕಿಯ ಮಾತು ಮೀರುವ ಧೈರ್ಯ ಯಾರಿಗೂ ಬರಲಿಲ್ಲ. ಅಂದಿನಿಂದ ಮನೆಮಂದಿಯೆಲ್ಲ ಆ ಒಂದು ಸುಳ್ಳಿಗೆ ತೇಪೆ ಹಾಕುತ್ತಲೇ ಬಂದಿದ್ದರು. ಈಚೆಗೆ ಪುಟ್ಟಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಊಟ ಗುಬ್ಬಿ ಕುಕ್ಕಿದಷ್ಟು. ಹೊಟ್ಟೆಯಲ್ಲೇನೂ ಇಲ್ಲ, ಮನಸ್ಸಲ್ಲೇನಿದೆ ಕೇಳಿನೋಡಿ ಎಂದಿದ್ದರು ಡಾಕ್ಟರು.

"ಏನಿರುತ್ತೆ?" ಅಜ್ಜಿ ಗುಂಡಿ ಡಬ್ಬ ಕೆದಕುತ್ತ ಗೊಣಗಿದಳು. "ಶಾಲೆ ಅಂದ್ರೆ ಹೊಟ್ಟೆನೋವು, ರಜ ಅಂದ್ರೆ ಮಂಗಮಾಯ! ಇವಳ ಚಿಕ್ಕಮ್ಮನೂ ಹೀಗೇ ಕಳ್ಳಿ ಇದ್ಲು."

ಚಿಕ್ಕಮ್ಮ ಬಗ್ಗಿ ನೋಡಿದಳು. ಶಾಲೆಯಿಂದ ಬಂದ ಪುಟ್ಟಿ ಲಂಗವನ್ನೂ ಬದಲಿಸದೆ ಮೇಜಿನಡಿ ಕೂತಿದ್ದಳು. ಬೆರಳ ತುದಿಯಲ್ಲಿ ರಬ್ಬರಿನ ಪುಡಿ.

"ಪುಟ್ಟೀ, ಇದು ನೀನಾ ಬರ್ದಿದ್ದು?"

"ಬೈತೀಯಾ?"

"ಇಲ್ಲ ಕಣೇ."

"ಬೆಳಿಗ್ಗೆ ಎದ್ದು ಅಮ್ಮನ ಸ್ಟೂಲ್ ಮೇಲೆ ಕೂತು ನೋಡ್ತಿರ್ತೀನಿ. ಅಮ್ಮ ಬರ್ದ ಹಾಗೇ ಇರ್ಬೇಕು. ನಾನು ದೊಡ್ಡೋಳಾಗ್ಬಿಟ್ರೆ ಅಮ್ಮಂಗೆ ಗುರ್ತು ಸಿಗಲ್ಲ. ಅದಕ್ಕೇ ಊಟ ಬಿಡ್ತೀನಿ. ಆದ್ರೂ ಬೆಳೀತಾನೇ ಇದೀನಿ, ಚಿಕ್ಕಮ್ಮ!"

ಚಿಕ್ಕಮ್ಮ ಅವಳನ್ನು ಹತ್ತಿರಕ್ಕೆಳೆದು ಬಿಗಿದ ಲಂಗದ ಕೊಂಡಿ ಬಿಚ್ಚಿದಳು. ಸೊಂಟದ ಸುತ್ತ ಕೆಂಪಗೆ ಬರೆ ಎದ್ದಿತ್ತು.

ಎಲ್ಲಿ ನಿಜ ಹೇಳಿಬಿಡುವಳೋ ಎಂದು ಅಂಜಿ ಅಜ್ಜಿ ಕಣ್ಸನ್ನೆ ಮಾಡಿ ಪಿಸುಗುಟ್ಟಿದಳು. "ಬೇಡ ಕಣೇ. ಮಗು ಎದೆ ಒಡೆದುಹೋಗುತ್ತೆ."

"ಒಡೆದಾಗಿದೆ ಅಮ್ಮ. ಹೊಲಿಯೋಕೂ ಬಿಡ್ತಿಲ್ಲ ನಾವು."

ಚಿಕ್ಕಮ್ಮ ನೆಲದ ಮೇಲೆ, ಪುಟ್ಟಿಯ ಸಮಕ್ಕೆ ಕೂತಳು. "ಅಮ್ಮ ಕೆಲಸಕ್ಕೆ ಹೋಗಿಲ್ಲ ಪುಟ್ಟಿ. ಆಸ್ಪತ್ರೆಲಿ ಸತ್ತುಹೋದ್ಲು. ಇನ್ನು ಬರಲ್ಲ. ನಿಂಗೆ ಸುಳ್ಳು ಹೇಳಿದ್ವಿ. ತಪ್ಪು ನಮ್ದು."

ಪುಟ್ಟಿ ಅಳಲಿಲ್ಲ.

"ನಾನು ಬೆಳೆದಿದ್ದಕ್ಕಾ?"

ಚಿಕ್ಕಮ್ಮ ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಅಕ್ಕ ಕೊನೆಗೆ ಹೊಲಿದ ಲಂಗ ತೆಗೆದು ಒಳಮೈ ಹೊರಗೆ ಮಾಡಿದಳು. ಸೊಂಟದ ಹೊಲಿಗೆಯಾಚೆ, ಎರಡೂ ಪಕ್ಕದಲ್ಲಿ ಹೆಚ್ಚಿನ ಬಟ್ಟೆ ಮಡಚಿ ಬಿಟ್ಟಿದ್ದಳು ಅಕ್ಕ.

"ಹಿಡಿ ಟೇಪು. ಎಷ್ಟಿದೆ?"

"ಒಂದು… ಈ ಕಡೆ ಒಂದು. ಎರಡಿಂಚು."

"ದಂಡಕ್ಕೆ ಬಟ್ಟೆ ಬಿಡೋಳಲ್ಲ ನಿಮ್ಮಮ್ಮ. ನೀನು ಬೆಳೀತೀಯ ಅಂತ ಅವಳಿಗೆ ಗೊತ್ತಿತ್ತು. ಬೆಳೀಲಿ ಅಂತಾನೇ ಬಿಟ್ಟಿದ್ದು. ನೀನು ಬೆಳೆದಿದ್ದಕ್ಕೆ ಯಾರೂ ಸಾಯ್ಲಿಲ್ಲ, ಕಂದ."

ಬ್ಲೇಡು ಆಡಿತು. ಒಂದೊಂದೇ ಹೊಲಿಗೆ ಟಕ್ ಟಕ್ ಎಂದು ಬಿಟ್ಟುಕೊಂಡಿತು. ಮಡಿಕೆಯೊಳಗಿನ ನೀಲಿ, ಬಿಸಿಲನ್ನೇ ಕಾಣದೆ, ಬಟ್ಟೆಯಂಗಡಿಯಿಂದ ನಿನ್ನೆ ತಂದಂತಿತ್ತು. ಪುಟ್ಟಿ ಅದಕ್ಕೆ ಮುಖವೊತ್ತಿದಳು. ಆಮೇಲೆ ಅಳು ಬಂತು, ಹತ್ತು ತಿಂಗಳದ್ದೂ ಒಟ್ಟಿಗೇ. ಅಜ್ಜಿ ಗುಂಡಿ ಡಬ್ಬ ಬದಿಗಿಟ್ಟು, ಮೊಣಕಾಲು ನೋವೆನ್ನದೆ ಬಂದು ಪಕ್ಕದಲ್ಲಿ ಕೂತಳು. ಯಾರೂ "ಸುಮ್ನಿರು" ಎನ್ನಲಿಲ್ಲ.

ಬಹಳ ಹೊತ್ತಿನ ಮೇಲೆ ಚಿಕ್ಕಮ್ಮ ಲಂಗದ ಅಂಚಿಗೆ ಕೈ ಹಾಕಿದಳು. ಅಲ್ಲೂ ಅಕ್ಕ ದಪ್ಪ ಮಡಿಕೆ ಬಿಟ್ಟಿದ್ದಳು. ಪುಟ್ಟಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇದನ್ನ ಬಿಚ್ಬೇಡ ಚಿಕ್ಕಮ್ಮ. ಮುಂದಿನ ವರ್ಷಕ್ಕಿರ್ಲಿ."