ಜಗಲಿಯ ಮೇಲಿನ ಕತ್ತಿ

ಒಂದೇ ಏಟಿಗೆ ತೆಂಗಿನಕಾಯಿ ಎರಡು ಹೋಳಾಗಿ ಬಿತ್ತು. ಲೇದಾ ಕೈಯಲ್ಲಿದ್ದ ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಂಥ ಅಲಗು! ಕೋಣದ ಕೊಂಬಿನ ಹಿಡಿ ಅಂಗೈಗೆ ಹೇಳಿ ಮಾಡಿಸಿದಂತೆ ಕೂತಿತ್ತು. ಮನೆಗಿದ್ದ ಒಂದೇ ಕತ್ತಿ ಗಂಡ ಮಾಲೊನ ಸೊಂಟದಲ್ಲಿ ಹೋಗಿತ್ತು. ಇದ್ದಿದ್ದರೂ ಅಷ್ಟರಲ್ಲೇ ಇತ್ತು ಅನ್ನಿ. ಅದರ ಹಿಡಿ ಸಡಿಲವಾಗಿ, ಏಟು ಹಾಕಿದಾಗಲೆಲ್ಲ ಅಲಗೊಂದು ಕಡೆ, ಹಿಡಿಯೊಂದು ಕಡೆ. ಅರಗು ಕಾಯಿಸಿ ಕೂರಿಸು ಎಂದು ಹೇಳಿ ಹೇಳಿ ಅವಳ ನಾಲಗೆ ಸವೆದಿತ್ತು. ಅವನದು ಯಾವಾಗಲೂ ನಾಳೆ. ಹೀಗಾಗಿ ಜಗಲಿಯ ಅಂಚಿನಲ್ಲಿ ಯಾರದೋ ಒಳ್ಳೆಯ ಕತ್ತಿ ಒರೆಸಮೇತ ಬಿದ್ದಿದ್ದು ಕಂಡಾಗ ಅವಳು ಹಿಂದೆಮುಂದೆ ನೋಡಲಿಲ್ಲ.

ನೋಡುವುದಾದರೂ ಯಾಕೆ? ಸುಂಬಾ ದ್ವೀಪದ ನಮ್ಮ ಈ ದಿಣ್ಣೆಗಳ ಮೇಲೆ ಮೀಸೆ ಮೂಡಿದ ಗಂಡಸು ಕತ್ತಿಯಿಲ್ಲದೆ ಹೊಸಿಲು ದಾಟುವುದಿಲ್ಲ. ಬೇಲಿ ಕಡಿಯುವುದೂ ಅದರಲ್ಲೇ, ಹಂದಿ ಕೊಯ್ಯುವುದೂ ಅದರಲ್ಲೇ, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವುದೂ ಅದರಲ್ಲೇ. ಯಾರ ಮನೆಗೆ ಹೋದರೂ ಸೊಂಟದಿಂದ ಬಿಚ್ಚಿ ಜಗಲಿಯ ಮೇಲಿಟ್ಟು ಕೂರುತ್ತಾರೆ. ಮನೆಯ ಹೆಂಗಸರು ಅದನ್ನೆತ್ತಿಕೊಂಡು ಸೌದೆ ಸೀಳುತ್ತಾರೆ, ಗೆಣಸು ಹೆಚ್ಚುತ್ತಾರೆ. ಕೇಳುವವರೂ ಇಲ್ಲ, ಬೇಡ ಅನ್ನುವವರೂ ಇಲ್ಲ.

ಬಂದವರು ಅಂಗಳದಾಚೆ, ಹುಣಸೆಮರದ ನೆರಳಲ್ಲಿ, ಹಿರಿಯರ ಗೋರಿಕಲ್ಲಿನ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ಮೂವರು. ಒಬ್ಬ ನರೆತವನು, ಇಬ್ಬರು ಹರೆಯದವರು. ಪಕ್ಕದಲ್ಲಿ ಒಂದು ಬೈಕು, ಮರಕ್ಕೆ ಕಟ್ಟಿದ ಒಂದು ಕೆಂದು ಕುದುರೆ. ಒರತೆಯಿಂದ ಬಟ್ಟೆ ಒಗೆದುಕೊಂಡು ಬಂದ ಲೇದಾಗೆ ಯಾರ ಗುರುತೂ ಸಿಗಲಿಲ್ಲ. ಬಂದವರಿಗೆ ಅನ್ನ, ಕಾಯಿಹಾಲಿನ ಸಾರು ಮಾಡಿದರಾಯಿತು ಎಂದುಕೊಂಡಳು.

"ಬಂದು ಎಷ್ಟೊತ್ತಾಯ್ತಣ್ಣ? ಕೋನಿಯಪ್ಪ ಎಲ್ಲಿ ಕಾಣ್ತಿಲ್ಲ?" ಎಂದು ಅಲ್ಲಿಂದಲೇ ಕೂಗಿದಳು. ಕೋನಿ ಅವಳ ಒಬ್ಬಳೇ ಮಗಳು. ನೂಲಿಗೆ ಬಣ್ಣ ಹಾಕಿಸಿಕೊಂಡು ಬರುತ್ತೇನೆಂದು ನಿನ್ನೆ ಮಧ್ಯಾಹ್ನ ಚಿಕ್ಕಮ್ಮನ ಮನೆಗೆ ಹೋಗಿದ್ದಳು.

"ಅಣ್ಣಂದಿರನ್ನ ಕರ್ಕೊಂಡು ಬರಾಕೆ ಮ್ಯಾಲ್ಕೇರಿಗೆ ಹೋಗವ್ರೆ ಕಣಕ್ಕ," ಎಂದ ನರೆತವನು. "ನೀನು ನಿನ್ನ ಕೆಲ್ಸ ನೋಡ್ಕೊ."

"ಕಾಯಿ ಒಡೀಬೇಕಿತ್ತು, ನಿಮ್ ಕತ್ತಿ ತಗೊಂಡಿವ್ನಿ."

"ತಗೊ ತಗೊ. ಹೆಂಗೈತೆ ನಮ್ಮ ಕಬ್ಬಿಣ?"

"ಬೆಣ್ಣೆ ಕಡಿದಂಗೆ ಕಡೀತದೆ! ನಮ್ಮನೇಲೂ ಐತೆ ಒಂದು, ಹಲ್ಲು ಉದುರಿದ ಮುದುಕನಂಗೆ."

ಮೂವರೂ ಮುಖ ಮುಖ ನೋಡಿಕೊಂಡರು. ಹರೆಯದವರಲ್ಲಿ ಒಬ್ಬ ಎದ್ದು ಬೈಕಿಗೆ ಒದ್ದ. ಧೂಳೆಬ್ಬಿಸಿಕೊಂಡು ಇಳಿಜಾರಿನಲ್ಲಿ ಹೋಗಿಯೇಬಿಟ್ಟ.

"ಅಯ್ಯೋ, ಇವ್ನ್ಯಾಕೆ ಹೊಂಟ? ಉಣ್ಣಾಕಿಲ್ವ?"

"ಒಂದು ಸುದ್ದಿ ಮುಟ್ಟಿಸ್ಬಿಟ್ಟು ಬತ್ತಾನೆ," ಎಂದ ನರೆತವನು. ಕೆಂಪಗೆ ಉಗಿದು, ಬಾಯಿ ಒರೆಸಿಕೊಂಡ. "ನೀನು ಹಾಲು ಹಿಂಡು, ಬೀಗಿತ್ತಿ."

ಲೇದಾ ಮೊದಲು ನಕ್ಕಳು. "ಹೆಣ್ಣಿರೋ ಮನೇಲಿ ಅಂಥ ಮಾತು ತಮಾಸೆಗೂ ಆಡ್ಬಾರ್ದು ಕಣಣ್ಣ," ಎಂದಳು. ಅವನು ನಗಲಿಲ್ಲ. ಆಗ ಅವಳ ಕಣ್ಣು ಕುದುರೆಯ ಕಡೆ ಹೋಯಿತು. ಬೆನ್ನ ಮೇಲೆ ಕೂರುವ ಗಾದಿ ಇರಲಿಲ್ಲ. ಕೊರಳಲ್ಲಿ ಹೊಸ ಹಗ್ಗವಿತ್ತು. ಅದು ಹತ್ತಿಕೊಂಡು ಬಂದ ಕುದುರೆಯಲ್ಲ; ಕೊಡಲು ತಂದ ಕುದುರೆ. ಒಂದು ಕುದುರೆ, ಒಂದು ಕತ್ತಿ. ಲೇದಾ ಈ ಮಣ್ಣಿನಲ್ಲೇ ಹುಟ್ಟಿ ಬೆಳೆದವಳು, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಕ್ಕದ ಮನೆಯ ಮುದುಕಿ ವಾದಾ ಅಷ್ಟು ಹೊತ್ತಿಗೆ ಬೇಲಿ ಸಂದಿಯಿಂದ ನುಗ್ಗಿ ಬಂದಿದ್ದಳು. ಬಂದವಳು ಹೋಳಾದ ಕಾಯಿಯನ್ನು, ಅಲಗಿಗೆ ಅಂಟಿದ ಬಿಳಿ ತುಣುಕನ್ನು ನೋಡಿ ಬಾಯಿ ಬಾಯಿ ಬಡಿದುಕೊಂಡಳು. "ಅಯ್ಯೋ ನಿನ್ನ ಕೈ ಸೇದೋಗ! ಅದ್ರಲ್ಲೇ ಕಡಿದ್ಯೇನೆ?"

ಹೆಣ್ಣನ್ನು ದಾರಿಯಲ್ಲಿ ಹಿಡಿದು ಹೊತ್ತುಕೊಂಡು ಹೋಗುವ ಕೆಟ್ಟ ಚಾಳಿ ನಮ್ಮಲ್ಲಿದೆ, ಮುಚ್ಚಿಡುವುದೇನು ಬಂತು. ಹೊತ್ತುಕೊಂಡು ಹೋದವರು ಹೆಣ್ಣಿನ ಮನೆಗೆ ಒಂದು ಕುದುರೆ, ಒಂದು ಕತ್ತಿ ಕಳಿಸುತ್ತಾರೆ. ಕತ್ತಿ ಜಗಲಿಯ ಮೇಲೆ ಸುಮ್ಮನೆ ಮಲಗಿರಬೇಕು. ಮನೆಯವರಿಗೆ ಇಷ್ಟವಿಲ್ಲದಿದ್ದರೆ ಹಾಗೆಯೇ ಹಿಂದಕ್ಕೆ ಹೋಗುತ್ತದೆ. ಆ ಮನೆಯ ಯಾರ ಕೈಯಾದರೂ ಅದನ್ನು ಒರೆಯಿಂದ ಎಳೆದು ಕೆಲಸಕ್ಕೆ ಹಚ್ಚಿತೋ, ಮುಗಿಯಿತು: ಮನೆ ಒಪ್ಪಿತು. ಗೊತ್ತಿಲ್ಲದೆ ಯಾರೂ ಮುಟ್ಟದಿರಲೆಂದೇ ಅದನ್ನು ಕೆಂಪು ಬಟ್ಟೆಯ ಮೇಲಿಡುವುದು ಪದ್ಧತಿ.

"ಬಟ್ಟೆ ಎಲ್ಲಿ?" ಎಂದಳು ಲೇದಾ. "ಬಟ್ಟೆ ಇರಲಿಲ್ಲ. ಬರೀ ಬಿದಿರ ಮ್ಯಾಲೆ ಬಿದ್ದಿತ್ತು!"

"ಗಾಳಿಗೆ ಹಾರೋಗಿರ್ಬೇಕು ಕಣವ್ವ," ಎಂದ ನರೆತವನು. "ನಾನು ಲೋಕೋರಿ ಊರಿನ ದಂಗು. ನಮ್ಮಣ್ಣನ ಮಗ ಬೋರಾ, ಮೊನ್ನೆ ಸಂತೇಲಿ ನಿಮ್ಮ ಹುಡ್ಗೀನ ನೋಡಿ ಆಸೆಪಟ್ಟ. ನಿನ್ನೆ ಸಂಜೆಯಿಂದ ನಮ್ಮನೇಲವ್ಳೆ. ಕ್ಷೇಮವಾಗವ್ಳೆ. ಹಠ ಒಂದು ವಸಿ ಜಾಸ್ತಿ, ತೊಟ್ಟು ನೀರೂ ಮುಟ್ಟಿಲ್ಲ." ಹೀಗೆ ಹೇಳುತ್ತಾ ಎದ್ದುನಿಂತ. ಅವನು ಕೂತಿದ್ದ ಕಲ್ಲಿನ ಮೇಲೆ, ಅವನ ತೊಡೆಯಡಿಯಲ್ಲಿ ಇಷ್ಟು ಹೊತ್ತು ಮಡಿಸಿಕೊಂಡಿದ್ದ ಕೆಂಪು ಬಟ್ಟೆ ಹಾಗೇ ಇತ್ತು.

ತೊಟ್ಟು ನೀರೂ ಮುಟ್ಟಿಲ್ಲ. ಲೇದಾಗೆ ಅದೊಂದು ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮಗಳು ಮೈನೆರೆದ ದಿನದಿಂದ ಅವಳೇ ಕಿವಿಯಲ್ಲಿ ಊದಿದ್ದಳು: "ಯಾರಾದ್ರೂ ಹೊತ್ಕೊಂಡು ಹೋದ್ರೆ ಹಲ್ಲು ಕಚ್ಚಿ ಕೂತ್ಕೊ. ಅವರ ಮನೆ ಅಗುಳು, ಅವರ ಮನೆ ನೀರು ಗಂಟಲಲ್ಲಿ ಇಳೀದೇ ಇರೋಗಂಟ ನೀನು ನಮ್ಮೋಳೆ. ನಾವು ಬಂದೇ ಬತ್ತೀವಿ." ಮಗಳು ಮಾತು ಉಳಿಸಿಕೊಂಡಿದ್ದಳು. ತಾಯಿ ಇಲ್ಲಿ ಕಾಯಿ ಒಡೆದು, ಬೆಣ್ಣೆ ಕಡಿದಂಗೆ ಕಡೀತದೆ ಎಂದು ಹೊಗಳಿದ್ದಳು. ಬೈಕಿನವನು ಹೋದದ್ದು ಎಲ್ಲಿಗೆಂದು ಈಗ ಹೊಳೆಯಿತು. ಅವಳು ಜಗಲಿಯ ಕಂಬ ಹಿಡಿದುಕೊಂಡಳು.

ಮಾಲೊ ಅಣ್ಣಂದಿರಿಬ್ಬರನ್ನು ಕರೆದುಕೊಂಡು ಬಂದ. ಅವನು ಕತ್ತಿಯನ್ನು ನೋಡಿದ. ಕಾಯಿಯನ್ನು ನೋಡಿದ. ನಿಂತಲ್ಲೇ ಕುಕ್ಕರಿಸಿದ.

"ಯಾಕೆ ಮುಟ್ಟಿದ್ಯೆ?" ಎಂದ. "ಹೆಣ್ಣು ಕೊಡಾಕಿಲ್ಲ ಅನ್ನಾಕೇ ಇವರನ್ನ ಕರ್ಕೊಂಡು ಬಂದೆ ಕಣೆ."

"ನಿನ್ನ ಕತ್ತಿ ಹಿಡಿ ಸರಿ ಮಾಡು ಅಂತ ಎಷ್ಟು ಸಲ ಬಡ್ಕೊಂಡೆ? ನಮ್ಮನೇಲಿ ನೆಟ್ಟಗಿರೋ ಒಂದು ಕತ್ತಿ ಇದ್ದಿದ್ರೆ ಬೇರೇರ ಕತ್ತಿ ಯಾಕೆ ಮುಟ್ತಿದ್ದೆ?"

ಹಿರಿಯ ಭಾವ ಕೆಮ್ಮಿದ. "ಆದದ್ದು ಆಗೋಯ್ತು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಕಾಯೂ ಅಂಗೇ. ಇನ್ನು ಕುದುರೆ ಎಷ್ಟು, ಎಮ್ಮೆ ಎಷ್ಟು ಅಂತ ಮಾತಾಡೋದೇ ಸರಿ. ಇಲ್ದಿದ್ರೆ ಎರಡೂ ಕಡೆ ಮರ್ಯಾದೆ ಹೋಯ್ತದೆ."

ಮರ್ಯಾದೆಯಂತೆ! ಲೇದಾ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕತ್ತಿಯನ್ನು ಒರೆಗೆ ತಳ್ಳಿ, ಒರೆಯ ದಾರವನ್ನು ತನ್ನ ಸೊಂಟಕ್ಕೆ ಸುತ್ತಿ ಬಿಗಿದು ಗಂಟು ಹಾಕಿದಳು. ವಾದಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹೆಂಗಸು ಕತ್ತಿ ಹಿಡಿಯುವುದುಂಟು. ಸೊಂಟಕ್ಕೆ ಕಟ್ಟುವುದನ್ನು ಆ ದಿಣ್ಣೆಯ ಮೇಲೆ ಯಾರೂ ಕಂಡಿರಲಿಲ್ಲ.

"ಬಿಚ್ಚು ಅದನ್ನ," ಎಂದ ಭಾವ. "ಗಂಡಸರು ಸತ್ತವ್ರಾ ಈ ಮನೇಲಿ?"

"ನನ್ನ ಕೈಲಿ ಕಾಯಿ ಒಡೆದ್ರೆ ಮನೆಯೇ ಒಪ್ಪಿದಂಗೆ ಅಂತೀರಿ. ನನ್ನ ಸೊಂಟಕ್ಕೆ ಕತ್ತಿ ಮಾತ್ರ ಆಗ್ಬಾರ್ದಾ?" ಎಂದಳು ಲೇದಾ. ಕೆಂಪು ಬಟ್ಟೆಯನ್ನು ಕಲ್ಲಿನ ಮೇಲಿನಿಂದ ಸೆಳೆದುಕೊಂಡು, ಕುದುರೆಯ ಹಗ್ಗ ಬಿಚ್ಚಿ, ಚಿಕ್ಕಂದಿನಲ್ಲಿ ಹತ್ತುತ್ತಿದ್ದ ಹಾಗೆ ಗೋರಿಕಲ್ಲಿನ ಮೇಲೆ ಕಾಲಿಟ್ಟು ಬರಿಬೆನ್ನಿಗೆ ಹತ್ತಿದಳು. ದಂಗು ಅಡ್ಡ ಬರಲು ನೋಡಿದ. ಕುದುರೆ ಅವನನ್ನು ಬೇಲಿಗೆ ಒತ್ತಿ ಮುಂದೆ ಹೋಯಿತು.

ಜೋಳದ ಹೊಲ, ಒಣಹುಲ್ಲಿನ ಗುಡ್ಡ, ಮತ್ತೆ ಜೋಳದ ಹೊಲ. ಕತ್ತಿ ತೊಡೆಗೆ ಬಡಿಯುತ್ತಿತ್ತು. ಇನ್ನೂ ತಿಂದಿರಲಾರಳು, ನನ್ನ ಮಗಳು ಅಷ್ಟು ಸುಲಭಕ್ಕೆ ನಂಬುವವಳಲ್ಲ ಎಂದು ಲೇದಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಲೋಕೋರಿಯ ಹುಲ್ಲು ಮಾಡುಗಳು ಕಣ್ಣಿಗೆ ಬಿದ್ದವು. ಆಗಲೇ ಜಾಗಟೆಯ ಸದ್ದು ಕೇಳಿಸಿತು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಎಲ್ಲ ಸೇರಿ. ಹೊತ್ತು ತಂದ ಹೆಣ್ಣು ಮೊದಲ ತುತ್ತು ನುಂಗಿದಾಗ ಬಾರಿಸುವ ಬಡಿತ ಅದು. ಲೇದಾ ಕುದುರೆಯ ಮೇಲೆಯೇ ಕೂಗಿದಳು. ಏನೆಂದು ಅವಳಿಗೂ ಗೊತ್ತಾಗಲಿಲ್ಲ.

ಕೋನಿ ಆ ಮನೆಯ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಕೂದಲು ಕೆದರಿತ್ತು. ಮುಂಗೈಯಲ್ಲಿ ಹಿಡಿದೆಳೆದ ಗುರುತು ನೀಲಿಗಟ್ಟಿತ್ತು. ಮುಂದೆ ಅರ್ಧ ಖಾಲಿಯಾದ ತಟ್ಟೆ. ಗಲ್ಲಕ್ಕೆ ಒಂದು ಅಗುಳು ಅಂಟಿಕೊಂಡಿತ್ತು. ಸುತ್ತ ಹೆಂಗಸರು. ಬೋರಾ ಎಂಬ ಆ ಗಂಡು ಹೊಸ ಅಂಗಿ ತೊಟ್ಟು ಕಂಬಕ್ಕೆ ಒರಗಿ ನಿಂತಿದ್ದ. ಸೊಂಟದಲ್ಲಿ ಕತ್ತಿ ಕಟ್ಟಿದ ಹೆಂಗಸೊಬ್ಬಳು ಅಂಗಳಕ್ಕೆ ಬಂದದ್ದು ನೋಡಿ ಜಾಗಟೆಯವರ ಕೈ ನಿಂತಿತು.

"ತಿಂದ್ಯಾ?" ಎಂದಳು ಲೇದಾ.

"ನೀನು ಕಾಯಿ ಒಡೆದ್ಯಂತೆ," ಎಂದಳು ಕೋನಿ. ತುಟಿ ಒಡೆದು ಮಾತು ಸರಿಯಾಗಿ ಬರುತ್ತಿರಲಿಲ್ಲ. "ಹೊಗಳಿದ್ಯಂತೆ. ಬೆಣ್ಣೆ ಕಡಿದಂಗೆ ಅಂದ್ಯಂತೆ. ನಾನು ನಂಬಲಿಲ್ಲ ಕಣವ್ವ. ಆದ್ರೆ ಹಲ್ಲು ಉದುರಿದ ಮುದುಕ ಅಂದ್ಲು ಅಂತ ಆ ಬೈಕಿನವ್ನು ಹೇಳ್ದ. ಅದು ನಿನ್ನದೇ ಮಾತು. ಅಪ್ಪನ ಕತ್ತಿಗೆ ನೀನೇ ಅಂಗನ್ನೋದು."

"ನೆಂಟರ ಕತ್ತಿ ಅಂದ್ಕೊಂಡೆ ಕಣೆ ಮಗ," ಎಂದಳು ಲೇದಾ. "ನಿಮ್ಮಪ್ಪನಾಣೆ, ನೆಂಟರು ಅಂದ್ಕೊಂಡೆ."

ಲೇದಾ ಸೊಂಟದ ಗಂಟು ಬಿಚ್ಚಿದಳು. ಕೆಂಪು ಬಟ್ಟೆಯನ್ನು ಜಗಲಿಯ ಮೇಲೆ ಹಾಸಿ, ಅದರ ಮೇಲೆ ಕತ್ತಿಯನ್ನಿಟ್ಟಳು. "ಈ ಬಟ್ಟೇನ ನಿಮ್ಮ ದಂಗು ತೊಡೆ ಕೆಳಗೆ ಹಾಕ್ಕೊಂಡು ಕೂತಿದ್ದ. ನಿಮ್ಮ ಬಟ್ಟೆ, ನಿಮ್ಮ ಕತ್ತಿ, ನಿಮ್ಮ ಕುದುರೆ. ನನ್ನ ಮಗಳನ್ನ ಕರ್ಕೊಂಡು ಹೋಯ್ತೀನಿ."

ಬೋರಾನ ತಾಯಿ ಮುಂದೆ ಬಂದಳು. ದಪ್ಪ ಹೆಂಗಸು, ಬಾಯಿ ತುಂಬ ಎಲೆಯಡಿಕೆ. ಕೋಪವೇನೂ ಮಾಡಿಕೊಳ್ಳಲಿಲ್ಲ; ನಗುತ್ತಲೇ ಕೇಳಿದಳು. "ಎಲ್ಲಾನೂ ತಂದ್ಕೊಟ್ಟೆ, ಸಂತೋಸ. ನಮ್ಮನೆ ಅನ್ನ ಅವ್ಳ ಹೊಟ್ಟೇಲೈತಲ್ಲ ತಾಯಿ, ಅದನ್ನೂ ತಂದ್ಕೊಟ್ಟೀಯಾ?"

ಹೆಂಗಸರು ಕಿಸಕ್ಕನೆ ನಕ್ಕರು.

ಕೋನಿ ಎದ್ದಳು. ನಿನ್ನೆಯಿಂದ ಕೂತ ಕಾಲು, ಒಮ್ಮೆ ತೂರಾಡಿದಳು. ಅವಳು ನೇರ ತಟ್ಟೆಯ ಮುಂದೆ ಮಂಡಿಯೂರಿ, ಎರಡು ಬೆರಳನ್ನು ಗಂಟಲೊಳಕ್ಕೆ ತುರುಕಿಕೊಂಡಳು. ಮೊದಲ ಸಲ ಬರೀ ಓಕರಿಕೆ ಬಂತು. ಎರಡನೆಯ ಸಲ ಅನ್ನ ಬಂತು. ಬೋರಾ ಮುಖ ಆಚೆ ತಿರುಗಿಸಿಕೊಂಡ. ಮಗಳು ಚಿಕ್ಕವಳಿದ್ದಾಗ ಜ್ವರ ಬಂದರೆ ಹಿಡಿಯುತ್ತಿದ್ದ ಹಾಗೆ ಲೇದಾ ಓಡಿಹೋಗಿ ಹಣೆ ಹಿಡಿದಳು. ಕೋನಿ ಇನ್ನೊಂದು ಸಲ ಬೆರಳು ಹಾಕಿದಳು. ಬರೀ ಹಳದಿ ನೀರು ಬಂದ ಮೇಲೆ ಕೈಯ ಹಿಂಭಾಗದಿಂದ ಬಾಯಿ ಒರೆಸಿಕೊಂಡು, ತಟ್ಟೆಯನ್ನು ಆ ಹೆಂಗಸಿನ ಕಾಲ ಬಳಿಗೆ ತಳ್ಳಿದಳು.

ತಿಂದ ಅನ್ನ ಹೀಗೆ ಹಿಂದಕ್ಕೆ ಬಂದರೆ ಏನನ್ನಬೇಕು ಎಂಬುದಕ್ಕೆ ಯಾರ ಬಳಿಯೂ ಪದ್ಧತಿ ಇರಲಿಲ್ಲ. ತಾಯಿಮಗಳು ಅಂಗಳ ದಾಟಿ, ಬೇಲಿ ದಾಟಿ ದಾರಿಗೆ ಬಿದ್ದರು. ಬಿಸಿಲು ನೆತ್ತಿಯ ಮೇಲಿತ್ತು.

ಎರಡು ಊರಿನ ಗಡಿಯ ತೆಂಗಿನ ಮರದ ಬುಡದಲ್ಲಿ ಮಾಲೊ ನಿಂತಿದ್ದ. ಇಷ್ಟು ದೂರ ಓಡಿಬಂದವನು ಅಲ್ಲಿಂದಾಚೆಗೆ ಬಂದಿರಲಿಲ್ಲ. ಮಗಳನ್ನು ಕಂಡವನೇ ಮಾತಿಲ್ಲದೆ ಮರ ಹತ್ತಿ ಒಂದು ಎಳನೀರು ಕೆಡವಿದ. ಇಳಿದು ಬಂದು ಕೆತ್ತತೊಡಗಿದಾಗ ಕತ್ತಿಯ ಹಿಡಿ ಕಳಚಿ ಹುಲ್ಲಿಗೆ ಬಿತ್ತು. ಅವನು ಹೆಕ್ಕಲಿಲ್ಲ. ಬರೀ ಅಲಗನ್ನೇ ಅಂಗೈಯಲ್ಲಿ ಹಿಡಿದು ಕೆತ್ತಿದ. ಎಳನೀರಿನ ಹಸಿರು ಸಿಪ್ಪೆಯ ಮೇಲೆ ರಕ್ತ ಹತ್ತಿತು. ಅದನ್ನು ಎರಡೂ ಕೈಯಲ್ಲಿ ಮಗಳ ಮುಂದೆ ಹಿಡಿದ.

"ಕುಡಿಯವ್ವ," ಎಂದ. "ನಿನ್ನೆಯಿಂದ ಏನೂ ಇಲ್ಲ."

ಕೋನಿ ಎಳನೀರು ತೆಗೆದುಕೊಂಡಳು. ಒಳಗೆ ನೀರು ಹೊಳೆಯುತ್ತಿತ್ತು. ಅವಳ ಗಂಟಲು ಒಮ್ಮೆ ಏರಿ ಇಳಿಯಿತು. ತಲೆಯೆತ್ತಿ ಅಪ್ಪನನ್ನು ನೋಡಿದಳು, ಆಮೇಲೆ ಅವ್ವನನ್ನು ನೋಡಿದಳು.

"ಕುಡಿಯೆ, ನಮ್ಮದೇ ಮರ," ಎಂದಳು ಲೇದಾ.

ಕೋನಿ ಕುಡಿಯಲಿಲ್ಲ; ಅವ್ವನ ಮಾತೆಂದು ನಂಬಿಯೇ ಅವಳು ಆ ಮನೆಯ ಅನ್ನ ತಿಂದಿದ್ದಳು. ಒಂದು ಹನಿಯೂ ಚೆಲ್ಲದ ಹಾಗೆ ಅದನ್ನು ಎದೆಯ ಹತ್ತಿರ ಹಿಡಿದುಕೊಂಡು, ಅವರಿಬ್ಬರ ಮುಂದೆ ಮನೆಯ ದಾರಿ ಹಿಡಿದಳು.