ಮುದ್ದೆಗೂ ಮಾತ್ರೆಗೂ ಜಗಳವಿಲ್ಲ

1996ರ ಜೂನ್ 11, ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಕೊಳತ್ತೂರಿನ ಹತ್ತಿರ, ಮೆಟ್ಟೂರು ಡ್ಯಾಮಿನ ಹಿನ್ನೀರಿನ ದಡದಲ್ಲಿ ಎಲ್ಲಮ್ಮ ಕಾಯುತ್ತಿದ್ದಳು. ಬಲೆ ಎಳೆಯಲು ಹೋಗಿದ್ದ ಗಂಡ ನಾರಪ್ಪನ ಹರಿಗೋಲು ದಡ ಮುಟ್ಟಿತು. ಇಳಿಯುವಾಗ ಅವನು ತಲೆ ಸುತ್ತಿ ಮೊಣಕಾಲುದ್ದದ ನೀರಿನಲ್ಲಿ ಕುಸಿದು ಕೂತ. ನಡುನೀರಿನಲ್ಲಿ ಹೀಗಾಗಿದ್ದರೆ? ಎಲ್ಲಮ್ಮ ನೀರಿಗಿಳಿದು ಅವನ ತೋಳು ಹಿಡಿದು ಎಬ್ಬಿಸಿದಳು.

ಮನೆಗೆ ಬಂದು ಗೋಡೆಯ ಗೂಡು ನೋಡಿದರೆ, ರಕ್ತದೊತ್ತಡಕ್ಕೆಂದು ಡಾಕ್ಟರು ಕೊಟ್ಟ ಮಾತ್ರೆಗಳು ಮುಟ್ಟದೆ ಹಾಗೇ ಇವೆ. ಅವಳು ಪಕ್ಕದ ಬೀದಿಯ ನರ್ಸು ಸುಗುಣಾಳನ್ನು ಕರೆತಂದಳು. ಸುಗುಣಾ ತೋಳಿಗೆ ಪಟ್ಟಿ ಕಟ್ಟಿ ನೋಡಿದಳು. 178/106.

"ಮಾತ್ರೆ ಯಾಕೆ ಬಿಟ್ಟೆ, ಮಾಮಾ?"

"ಅದು ಕ್ಯಾಲ್ಸಿಯಂ ತಡೆಯೋ ಮಾತ್ರೆ ಅಂದ, ಔಷಧಿ ಅಂಗಡಿ ಶಿವಲಿಂಗಂ. ರಾಗೀಲಿ ಕ್ಯಾಲ್ಸಿಯಂ ಜಾಸ್ತಿ ಐತೆ ಅಂತ ಮೀನು ಹಿಡಿಯೋರ ಸಂಘದ ಮೀಟಿಂಗಲ್ಲಿ ನೀನೇ ಅಂದೆ. ಒಂದು ತುಂಬೋದು, ಒಂದು ತಡೆಯೋದು. ಎರಡೂ ಯಾಕೆ ನುಂಗ್ಲಿ? ಮುದ್ದೆ ಬಿಡಕ್ಕಾಗಲ್ಲ, ಮಾತ್ರೆ ಬಿಟ್ಟೆ."

"ಮುದ್ದೆ ಕಟ್ಟೋಳು ನಾನು," ಎಂದಳು ಎಲ್ಲಮ್ಮ. "ನೀರಲ್ಲಿ ಮುಳುಗಿದ್ರೆ ಆಮೇಲೆ ಯಾರಿಗೆ ಕಟ್ಲಿ?"

"ಕೇಳಿದ್ದು ಎರಡೂ ನಿಜ ಮಾಮಾ, ಸೇರಿಸಿದ್ದು ತಪ್ಪು," ಎಂದಳು ಸುಗುಣಾ. "ರಕ್ತನಾಳದ ಗೋಡೇಲಿ ತೆಳ್ಳಗೆ ಮಾಂಸದ ಪದರ ಐತೆ. ಅದರೊಳಗೆ ಕ್ಯಾಲ್ಸಿಯಂ ನುಗ್ಗಿದ್ರೆ ಅದು ಬಿಗಿಯುತ್ತೆ, ನಾಳ ಕಿರಿದಾಗುತ್ತೆ, ಒತ್ತಡ ಏರುತ್ತೆ. ಮಾತ್ರೆ ಅಲ್ಲಿಯ ಬಾಗಿಲನ್ನ ಮಾತ್ರ ಒಂದಿಷ್ಟು ಮುಚ್ಚುತ್ತೆ. ನಾಳ ಸಡಿಲ ಆಗುತ್ತೆ."

"ಮುದ್ದೇಲಿರೋ ಕ್ಯಾಲ್ಸಿಯಂ ಎಲ್ಲೋಗುತ್ತೆ?" ಎಂದ ನಾರಪ್ಪ.

"ಹೆಚ್ಚಿನದು ಎಲುಬಿಗೆ. ನಮ್ಮ ಡ್ಯಾಮಿಗೆ ಹೊಳೆ ಎಷ್ಟು ತುಂಬಿ ಬಂದ್ರೂ ಕಾಲುವೆಗೆ ಶಟರ್ ಎತ್ತಿದಷ್ಟೇ ನೀರು ತಾನೆ? ಎಲುಬು ಡ್ಯಾಮು, ರಕ್ತನಾಳದ ಗೋಡೆ ಕಾಲುವೆ. ಮಾತ್ರೆ ಶಟರ್ ಇಳಿಸುತ್ತೆ, ಅಷ್ಟೇ."

ನೀರಿನ ಮಾತು ನಾರಪ್ಪನಿಗೆ ಹಿಡಿಸಿತು. "ಹಂಗಾದ್ರೆ ಏನೂ ಬಿಡಬೇಕಾಗಿಲ್ಲ."

"ಬಿಡಬೇಕು. ಮುದ್ದೆ ಜೊತೆ ಕಚ್ಕೊಳ್ಳೋ ಉಪ್ಪು ಕರುವಾಡು."

"ಮೀನು ಹಿಡಿಯೋನಿಗೇ ಒಣಮೀನು ಬೇಡ ಅಂತೀಯಲ್ಲ, ತಾಯಿ."

ಎಲ್ಲಮ್ಮ ಹರಿಗೋಲಿನ ಹುಟ್ಟನ್ನು ಎತ್ತಿ ಒಳಗಿಟ್ಟಳು. "ಒತ್ತಡ ಇಳಿಯೋ ತನಕ ಇದು ನನ್ನ ಹತ್ರ."

ಅಂದೇ ಸುಗುಣಾ ಅವನನ್ನು ಬಸ್ಸಿನಲ್ಲಿ ಡಾಕ್ಟರ ಬಳಿ ಕರೆದೊಯ್ದಳು. ಅವರು ಹೇಳಿದಂತೆ ಮಾತ್ರೆ ಮತ್ತೆ ಶುರುವಾಯಿತು.

ನಿಮ್ಮ ಮನೆಯ ಗೂಡಿನಲ್ಲೂ ಇಂಥ ಮಾತ್ರೆ ಉಳಿದಿದೆಯೇ, ಇವತ್ತೇ ನೋಡಿ. ಅನುಮಾನ ಬಂದರೆ ಮಾತ್ರೆ ಬಿಡಬೇಡಿ, ಡಾಕ್ಟರನ್ನೋ ನರ್ಸನ್ನೋ ಕೇಳಿ. ಮುದ್ದೆ ಉಣ್ಣಿ, ಉಪ್ಪು ಇಳಿಸಿ, ಒತ್ತಡ ಅಳೆಸಿಕೊಳ್ಳುತ್ತಿರಿ.

ಜುಲೈನಲ್ಲಿ ಒಂದು ಬೆಳಿಗ್ಗೆ ಎಲ್ಲಮ್ಮ ಹುಟ್ಟನ್ನು ಗಂಡನ ಕೈಗೆ ಕೊಟ್ಟಳು. ಅಂದು ಸುಗುಣಾ ಅಳೆದ ಅವನ ರಕ್ತದೊತ್ತಡ 136/84.