ನಲವತ್ತೊಂದು ಹೌದು

ಮೋಟಾರು ಹಾಕಿ ಒಂಬತ್ತು ನಿಮಿಷವಾಗಿತ್ತು. ಎಡಗೈಯಲ್ಲಿ ಫೋನು, ಬಲಗೈ ಸ್ವಿಚ್ಚಿನ ಮೇಲೆ, ಬೆನ್ನ ಹಿಂದೆ ಒಲೆಯ ಮೇಲೆ ಹಾಲು. ಫೋನಿನಲ್ಲಿ ‘ಹೌದು’ಗಳ ಸಂಖ್ಯೆ ಏರುತ್ತಿತ್ತು. ಮೂವತ್ತೆರಡು, ಮೂವತ್ತೇಳು, ನಲವತ್ತೊಂದು. ಸ್ವಿಚ್ಚು ಆರಿಸಿದೆ. ಹಾಲು ಉಕ್ಕುವ ಮೊದಲು ಒಲೆಯನ್ನೂ ಆರಿಸಿದೆ. ದಿನ ಚೆನ್ನಾಗಿ ಶುರುವಾಯಿತು ಅಂದುಕೊಂಡೆ.

ನಮ್ಮ ಕಟ್ಟಡ ಹಳೆಯದು. ನಾಲ್ಕು ಮಹಡಿ, ನಲವತ್ತೆಂಟು ಮನೆ, ಮನೆಗೊಂದು ಪುಟ್ಟ ಟ್ಯಾಂಕು. ಕಟ್ಟಿಸಿದವರಿಗೆ ಏನು ಹೊಳೆಯಿತೋ, ಎಲ್ಲರಿಗೂ ನೀರು ಏರಿಸುವ ಮೋಟಾರಿನ ಸ್ವಿಚ್ಚನ್ನು ತಂದು ನೆಲಮಹಡಿಯ ನಮ್ಮ ಅಡುಗೆಮನೆಯ ಗೋಡೆಗೆ ಕೂರಿಸಿದ್ದಾರೆ. ಮೊದಲೆಲ್ಲ ನಾನು ಮೆಟ್ಟಿಲ ಬುಡದಲ್ಲಿ ನಿಂತು “ತುಂಬಿತೇನ್ರೀ?” ಎಂದು ಕೂಗಬೇಕಿತ್ತು. ಮೇಲಿನಿಂದ ಒಬ್ಬರು ಹೂಂ ಅಂದರೆ ಇನ್ನೊಬ್ಬರು ಊಹೂಂ ಅನ್ನುವರು. ಕಟ್ಟಡದವರೆಲ್ಲ ಸೇರಿ ಫೋನಿನಲ್ಲಿ ಗುಂಪು ಮಾಡಿದ ಮೇಲೆ ನಾನು ಪೋಲ್ ಹಾಕುವುದನ್ನು ಕಲಿತೆ. ಬೆಳಿಗ್ಗೆ ಏಳಕ್ಕೆ ಒಂದು ಪ್ರಶ್ನೆ, ‘ಟ್ಯಾಂಕು ತುಂಬಿತಾ?’ ಅದರ ಕೆಳಗೆ ‘ಹೌದು’, ‘ಇಲ್ಲ’. ಮನೆಗೊಬ್ಬರು ಒತ್ತಬೇಕು. ‘ಹೌದು’ ನಲವತ್ತು ದಾಟಿದರೆ ಮೋಟಾರು ಬಂದ್. ಒತ್ತದವರನ್ನು ಮೆಟ್ಟಿಲಲ್ಲಿ ಅಡ್ಡಗಟ್ಟಿ, “ಒಂದು ಬೆರಳು ಆಡಿಸೋಕೂ ಸೋಮಾರಿತನವಾ?” ಎಂದು ಜಾಡಿಸಿದ್ದೂ ಉಂಟು. ಎಲ್ಲರಿಗೂ ಅಭ್ಯಾಸ ಬಿತ್ತು. ಬಾಯಲ್ಲಿ ಬ್ರಷ್ಷು, ಅರ್ಧ ತೆರೆದ ಕಣ್ಣು, ಬೆರಳು ಮಾತ್ರ ‘ಹೌದು’ ಮೇಲೆ. ನನಗೆ ‘ಮೋಟಾರಕ್ಕ’ ಎಂಬ ಹೆಸರು ಬಿತ್ತು.

ಹಾಲು ಲೋಟಕ್ಕೆ ಬಗ್ಗಿಸುತ್ತಿದ್ದಾಗ ಮೂರನೇ ಮಹಡಿಯ ಟೀಚರಮ್ಮನ ಫೋನು ಬಂತು.

“ಮೋಟಾರಕ್ಕ, ನಲ್ಲೀಲಿ ಬರೀ ಗಾಳಿ! ತಲೆ ತುಂಬ ಸೋಪು ಹಚ್ಕೊಂಡು ನಿಂತಿದ್ದೀನಿ ಇಲ್ಲಿ.”

“ಏನ್ ಹೇಳ್ತೀರಿ? ನಲವತ್ತೊಂದು ಹೌದು ಬಂದಿದೆಯಲ್ಲ!”

“ಯಾರು ಹೌದು ಅಂದ್ರೋ ಅವರನ್ನೇ ಕಳ್ಸಿ, ಬಂದು ನನ್ನ ತಲೆ ತೊಳೀಲಿ.”

ಮತ್ತೆ ಮೋಟಾರು ಹಾಕಿ, ಕನ್ನಡಕ ಹುಡುಕಿ ಗುಂಪು ನೋಡಿದೆ. ಪೋಲ್‌ಗಳು ಎರಡಿದ್ದವು. ನನ್ನದರಲ್ಲಿ ‘ಹೌದು’ ಹದಿನೇಳೇ. ಅದರ ಕೆಳಗೆ, ಏಳು ಗಂಟೆ ಎರಡು ನಿಮಿಷಕ್ಕೆ ನಮ್ಮ ಕಟ್ಟಡದ ಸೆಕ್ರೆಟರಿ ಇನ್ನೊಂದು ಹಾಕಿದ್ದರು. ‘ಮೆಟ್ಟಿಲು ಗುಡಿಸುವ ಹೆಂಗಸು ನಮ್ಮ ವೈಫೈ ಕದ್ದು, ಫೋನಿನಲ್ಲಿ ಕೈಸನ್ನೆ ಮಾಡಿ ಹೊರಗಿನವರಿಗೆ ಕಟ್ಟಡದ ಗುಟ್ಟು ತಿಳಿಸುತ್ತಿದ್ದಾಳೆ. ಇವಳ ಪ್ರವೇಶ ನಿಲ್ಲಿಸಬೇಕೆ?’ ಜೊತೆಗೆ ಮೆಟ್ಟಿಲ ಕ್ಯಾಮೆರಾದಿಂದ ತೆಗೆದ ಒಂದು ತುಣುಕು. ಎರಡನೇ ಮಹಡಿಯ ತಿರುವಿನಲ್ಲಿ ಪೊರಕೆ ಪಕ್ಕಕ್ಕಿಟ್ಟು ಕೂತ ಹೆಂಗಸು, ಗೋಡೆಗೆ ಒರಗಿಸಿಟ್ಟ ಫೋನು, ಅದರ ಮುಂದೆ ಹಾರಾಡುವ ಎರಡು ಕೈ. ಶಬ್ದವಿಲ್ಲ.

ಅದರ ಕೆಳಗಿತ್ತು ನಲವತ್ತೊಂದು ‘ಹೌದು’. ‘ಇಲ್ಲ’ ಸೊನ್ನೆ.

ಹೌದು ಅಂದವರ ಪಟ್ಟಿ ತೆರೆದೆ. ಮೂರನೆಯದು ನನ್ನ ಹೆಸರು. ನಮ್ಮ ಟ್ಯಾಂಕು ತುಂಬಿದ ಸದ್ದು ಕೇಳಿದೊಡನೆ ಪರದೆಯ ಮೇಲೆ ಏನಿತ್ತೋ ಅದಕ್ಕೆ ಬೆರಳಿಟ್ಟಿದ್ದೆ.

ಅವಳನ್ನು ಕಟ್ಟಡದವರೆಲ್ಲ ಮೆಟ್ಟಿಲಮ್ಮ ಅನ್ನುತ್ತಾರೆ. ಮೆಟ್ಟಿಲು ಗುಡಿಸಿ ಒರೆಸಿ, ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಅವಳ ತಂಗಿ ದೂರದ ಊರಲ್ಲಿದ್ದಾಳೆ. ಹುಟ್ಟಿದಾಗಿನಿಂದ ಕಿವಿ ಕೇಳದು, ಬಾಯಿ ಬಾರದು. ಇಬ್ಬರದೂ ಕೈಮಾತು. ಹನ್ನೊಂದು ಗಂಟೆಗೆ ಕೆಲಸದ ನಡುವೆ ಸಿಗುವ ಕಾಲುಗಂಟೆಯಲ್ಲಿ ಅಕ್ಕ ಕೂತಳೆಂದರೆ ತಂಗಿಯ ಮುಖ ಪರದೆಗೆ ಬರಬೇಕು. ಹೋದ ವರ್ಷ ಒಂದು ದಿನ ಅವಳ ಡೇಟಾ ಮುಗಿದು ತಂಗಿಯ ಚಿತ್ರ ನಡುವೆಯೇ ನಿಂತುಬಿಟ್ಟಿತು. ಎತ್ತಿದ ಕೈ ಎತ್ತಿದ ಹಾಗೇ. “ಏನೋ ಹೇಳೋಕೆ ಹೊರಟಿದ್ಲು ಅಕ್ಕಾ,” ಎಂದು ಆ ನಿಂತ ಕೈಯನ್ನೇ ನೋಡುತ್ತ ಕೂತಿದ್ದಳು. ನೋಡಲಾಗಲಿಲ್ಲ. ಪ್ರತಿ ಮನೆಗೂ ಕೊಟ್ಟಿದ್ದ ಕಟ್ಟಡದ ವೈಫೈ ಪಾಸ್‌ವರ್ಡನ್ನು ಅವಳ ಫೋನಿಗೆ ನಾನೇ ಹಾಕಿಕೊಟ್ಟೆ. ಅದರಿಂದ ಯಾರ ಗಂಟೂ ಹೋಗಲಿಲ್ಲ.

ಸೆಕ್ರೆಟರಿಯ ಕೋಣೆ ಮೆಟ್ಟಿಲ ಕೆಳಗೆ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಆರು ಕ್ಯಾಮೆರಾಗಳ ಚಿತ್ರ ತೋರಿಸುವ ಟಿವಿ. ನಿವೃತ್ತರಾದ ಮೇಲೆ ಅವರು ನೋಡುವ ಧಾರಾವಾಹಿ ಅದೊಂದೇ ಎಂದು ಜನ ನಗುತ್ತಾರೆ, ಅವರ ಬೆನ್ನ ಹಿಂದೆ.

“ಬನ್ನಿ ಮೋಟಾರಕ್ಕ, ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ಆ ಪೋಲ್ ತೆಗೀರಿ ಸಾರ್.”

“ತೆಗೆಯೋಕೆ ನಾನ್ಯಾರು? ನಲವತ್ತೊಂದು ಮನೆ ಹೌದು ಅಂದಿವೆ. ನಿಮ್ಮನೇನೂ ಸೇರಿ.”

“ಎಲ್ಲಾ ನೀರು ಅಂದ್ಕೊಂಡು ಒತ್ತಿದ್ದು. ನನ್ನ ಪೋಲ್‌ನಲ್ಲಿ ಹದಿನೇಳು, ನಿಮ್ಮದರಲ್ಲಿ ನಲವತ್ತೊಂದು. ನೀವೇ ನೋಡಿ.”

“ಓದದೇ ಒತ್ತಿದ್ರೆ ಅದು ಅವರವರ ಹಣೆಬರಹ.”

“ಏಳು ಗಂಟೆಗೇ ಯಾಕೆ ಹಾಕಿದ್ರಿ?”

ಅವರು ನಕ್ಕರು. ಸಿಟ್ಟಿನ ನಗೆಯಲ್ಲ. ಒಳ್ಳೆಯ ಉಪಾಯ ಹೊಳೆದವರ ನಗೆ. “ಆ ಹೊತ್ತಿಗೆ ಎಲ್ಲರೂ ತಪ್ಪದೇ ಒತ್ತುತ್ತಾರಲ್ಲ. ನೀವೇ ತಾನೆ ಕಲಿಸಿದ್ದು?”

ಟಿವಿಯಲ್ಲಿ ಖಾಲಿ ಮೆಟ್ಟಿಲುಗಳು ಕಾಣುತ್ತಿದ್ದವು, ಆರು ಚೌಕಗಳಲ್ಲಿ.

“ಅವಳ ತಂಗಿಗೆ ಮಾತು ಬರಲ್ಲ. ಕೈಯಲ್ಲೇ ಮಾತಾಡ್ಕೋತಾರೆ. ನಾನೇ ಕಣ್ಣಾರೆ ನೋಡಿದ್ದೀನಿ,” ಅಂದೆ ಕೊನೆಗೆ.

“ಹಾಗಂತ ಅವಳು ಕಥೆ ಹೇಳ್ತಾಳೆ. ಪಾಸ್‌ವರ್ಡ್ ಎಲ್ಲಿಂದ ಬಂತು ಅಂತ ನಿನ್ನೆ ಮೂರು ಸಲ ಕೇಳಿದೆ. ತುಟಿ ಬಿಚ್ಚಲಿಲ್ಲ. ಕಳ್ಳತನ ಅಲ್ಲದಿದ್ರೆ ಯಾಕೆ ಮುಚ್ಚಿಡಬೇಕು?”

ಅಂದರೆ ನಿನ್ನೆ ಅವಳು ಇದೇ ಜಾಗದಲ್ಲಿ ನಿಂತು, ಮೂರು ಸಲ ನನ್ನ ಹೆಸರನ್ನು ನುಂಗಿಕೊಂಡಿದ್ದಳು. ಆಮೇಲೆ ನಮ್ಮ ಮನೆಗೆ ಬಂದು ಪಾತ್ರೆ ತೊಳೆದಿದ್ದಳು. “ಸೌಟಿನ ಹಿಡಿ ಸಡಿಲ ಆಗಿದೆ ಅಕ್ಕಾ” ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ.

“ಕದ್ದಿಲ್ಲ. ಕೊಟ್ಟಿದ್ದು ನಾನು,” ಅಂದೆ.

ಅವರ ಕೈಯಲ್ಲಿದ್ದ ಪೆನ್ನು ನಿಂತಿತು. “ಯೋಚನೆ ಮಾಡಿ ಮಾತಾಡಿ. ಹಾಗಾದ್ರೆ ನಿಮ್ಮ ಮೇಲೂ ಒಂದು ಪೋಲ್ ಹಾಕ್ಬೇಕಾಗುತ್ತೆ.”

“ಹಾಕಿ ಸಾರ್. ಏಳು ಗಂಟೆಗೆ ಮಾತ್ರ ಬೇಡ. ಜನ ಕನ್ನಡಕ ಹಾಕ್ಕೊಂಡಿರೋ ಹೊತ್ತಲ್ಲಿ ಹಾಕಿ.”

ಅವರ ಮುಖ ಕೆಂಪಾಯಿತು. ಸಂಜೆ ಆರರವರೆಗೆ ಸಮಯ ಕೊಟ್ಟರು. ಬೇಕಾದವರು ಫೋನಿನಲ್ಲಿ ‘ಹೌದು’ ತೆಗೆದು ‘ಇಲ್ಲ’ ಒತ್ತಲಿ. ‘ಇಲ್ಲ’ ಹೆಚ್ಚಾದರೆ ಅವಳು ಬರಲಿ. “ನನಗೇನು ಅವಳ ಮೇಲೆ ಹಗೆಯಾ?” ಎಂದು ಬೇರೆ ಕೇಳಿದರು.

ಗೇಟಿನ ಆಚೆ ಮೆಟ್ಟಿಲಮ್ಮ ನಿಂತಿದ್ದಳು. ಗೇಟಿಗೆ ಹೋದ ವರ್ಷ ನಂಬರ್ ಒತ್ತುವ ಯಂತ್ರ ಹಾಕಿಸಿದ್ದಾರೆ. ಅವಳು ಒತ್ತುತ್ತಾಳೆ, ಕೆಂಪು ದೀಪ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ, ಮತ್ತೆ ಕೆಂಪು.

“ಒದ್ದೆ ಬೆರಳಿಗೆ ಹೀಗಾಗುತ್ತೇನೋ ಅಕ್ಕಾ?”

“ಬೆರಳಿಂದಲ್ಲ ಕಣೇ. ನಿನ್ನ ನಂಬರನ್ನೇ ತೆಗೆದುಹಾಕಿದ್ದಾರೆ.”

ಕಂಬಿಗಳ ನಡುವಿನಿಂದಲೇ ಎಲ್ಲ ಹೇಳಿದೆ. ನಾನೂ ಹೌದು ಒತ್ತಿದ್ದನ್ನು ಬಿಡದೆ ಹೇಳಿದೆ. ಅದಕ್ಕೆ ಅವಳು ತಲೆಯಾಡಿಸಿದಳಷ್ಟೆ. ಪಾಸ್‌ವರ್ಡ್ ಕೊಟ್ಟವಳು ನಾನೇ ಎಂದು ಒಪ್ಪಿಕೊಂಡು ಬಂದೆ ಅಂದಾಗ ಮಾತ್ರ ಸಿಡುಕಿದಳು.

“ನಿಮಗೇನ್ ಬಂತು ಅಕ್ಕಾ? ನಾನು ಅಷ್ಟು ಹೊತ್ತು ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದು ದಂಡ ಆಯ್ತಲ್ಲ!”

“ನನ್ನ ಹೆಸರು ಹೇಳೋಕೇನಾಗಿತ್ತು ನಿನಗೆ?”

“ಹೇಳಿದ್ರೆ ನಿಮ್ಮನೇಲಿ ಜಗಳ. ನಿಮ್ಮ ಯಜಮಾನ್ರ ಮುಖ ನಾನು ನೋಡಿಲ್ವಾ?” ಆಮೇಲೆ ದನಿ ಇಳಿಯಿತು. “ಹನ್ನೊಂದಕ್ಕೆ ಅವಳು ಫೋನ್ ಹಿಡ್ಕೊಂಡು ಕಾಯ್ತಾಳೆ ಅಕ್ಕಾ. ಗಲಾಟೆ ಆಯ್ತು ಅಂತ ಹೇಳೋಣ ಅಂದ್ರೂ, ಅದನ್ನ ಹೇಳೋಕೂ ಅವಳು ನನ್ನ ನೋಡ್ಬೇಕಲ್ಲ. ನನ್ನ ಫೋನಲ್ಲಿ ಡೇಟಾ ಎಲ್ಲಿದೆ?”

ಅವಳನ್ನು ಮನೆಗೆ ಕಳಿಸಿ ಮೆಟ್ಟಿಲು ಹತ್ತಿದೆ. ಗುಡಿಸಿರಲಿಲ್ಲ. ಒಂದೊಂದು ಮೂಲೆಯಲ್ಲೂ ನಿನ್ನೆಯ ಧೂಳು.

ಟೀಚರಮ್ಮ ತಲೆಗೆ ಟವೆಲ್ ಸುತ್ತಿಕೊಂಡೇ ಬಾಗಿಲು ತೆಗೆದು, ನಾನು ಮಾತು ಮುಗಿಸುವ ಮೊದಲು ‘ಇಲ್ಲ’ ಒತ್ತಿದರು. ಪಕ್ಕದ ಮನೆಯ ಪಿಂಚಣಿ ತಾತ, “ನಾನು ಒತ್ತಿದ್ದು ನೀರಿಗೆ ಮಗಳೇ. ವಾಪಸ್ ತಗೊಳ್ಳೋದು ಹೇಗೆ, ತೋರ್ಸು,” ಎಂದು ಫೋನನ್ನು ನನ್ನ ಕೈಗೇ ಕೊಟ್ಟರು. ನಾನು ಒತ್ತಲಿಲ್ಲ. ಅವರ ಬೆರಳನ್ನೇ ಹಿಡಿದು ಜಾಗ ತೋರಿಸಿದೆ. ಅವರೇ ಓದಿ ಅವರೇ ಒತ್ತಿದರು. ಇಷ್ಟು ಸುಲಭವಾದರೆ ಮಧ್ಯಾಹ್ನದೊಳಗೆ ಮುಗಿಯಿತು ಅಂದುಕೊಂಡೆ.

ಸುಲಭವಾಗಲಿಲ್ಲ. ಎಲ್ಲ ಬಾಗಿಲಲ್ಲೂ ಮೊದಲು ನಗು, “ಅಯ್ಯೋ, ನೀರು ಅಂದ್ಕೊಂಡೆ ಕಣ್ರೀ!” ಆಮೇಲೆ ಆ ನಗು ನಿಧಾನವಾಗಿ ಇಂಗುವುದು.

“ಬದಲಾಯಿಸಿದ್ರೆ ಗುಂಪಲ್ಲಿ ನಮ್ಮ ಹೆಸರು ಕಾಣಿಸುತ್ತಲ್ವಾ ಅಕ್ಕಾ?” ಎಂದಳು ಬ್ಯಾಂಕಿಗೆ ಹೋಗುವವಳು.

“ಹೌದು ಅಂದಾಗಲೂ ಕಾಣಿಸಿತ್ತು.”

“ಅದು ಎಲ್ಲರ ಜೊತೆ ಅಲ್ವಾ...”

ಎರಡನೇ ಮಹಡಿಯ ಟೈಲರಮ್ಮನ ಮನೆಯಲ್ಲಿ ಪಾತ್ರೆ ಸಿಂಕಿನ ತುಂಬ ಮೆಟ್ಟಿಲಮ್ಮನಿಗಾಗಿ ಕಾದು ಬಿದ್ದಿತ್ತು. “ಅವಳು ಒಳ್ಳೇವಳೇ, ನಂಗೊತ್ತಿಲ್ವಾ?” ಎಂದು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಹೇಳಿದಳು. “ಆದ್ರೆ ನಮ್ಮ ಟ್ಯಾಂಕಿನ ಪೈಪ್ ಒಡೆದಿದೆ. ಸೆಕ್ರೆಟರಿ ಸೈನ್ ಹಾಕ್ಬೇಕು. ಈ ವಾರ ಒಂದು ಕಳೀಲಿ.” ಗುಂಡುಪಿನ್ನು ಮತ್ತೆ ಬಾಯಿಗೆ ಹೋಯಿತು.

ಓದದೆ ಒತ್ತಿದ್ದು ತಪ್ಪು. ಆ ತಪ್ಪಿಗೆ ನಾನೇ ಗುರು, ಒಪ್ಪುತ್ತೇನೆ. ಆದರೆ ಓದಿದ ಮೇಲೂ ಬೆರಳು ಏಳದಿರುವುದಕ್ಕೆ ಏನೆನ್ನಬೇಕು? ನಮ್ಮದು ಬಿಟ್ಟು ನಲವತ್ತೇಳು ಬಾಗಿಲೂ ಬಡಿದೆ. ನನ್ನದೂ ಸೇರಿ ‘ಇಲ್ಲ’ ಒಂಬತ್ತಾಯಿತು.

ಆರು ಗಂಟೆಗೆ ಸೆಕ್ರೆಟರಿ ಗುಂಪಿನಲ್ಲಿ ಬರೆದರು: ‘ಬಹುಮತದ ತೀರ್ಮಾನದಂತೆ ವಿಷಯ ಮುಗಿದಿದೆ. ಸಹಕಾರಕ್ಕೆ ವಂದನೆಗಳು.’ ಕೆಳಗೆ ಜನ ಕೈಮುಗಿದ ಚಿತ್ರಗಳನ್ನು ಹಾಕುತ್ತಾ ಹೋದರು. ನಾನು ನನ್ನ ಹೆಸರಲ್ಲೇ ಬರೆದೆ: ‘ಮುಗಿದಿಲ್ಲ. ಪಾಸ್‌ವರ್ಡ್ ಕೊಟ್ಟವಳು ನಾನು. ಅವಳು ಮಾತಾಡಿದ್ದು ಮಾತು ಬಾರದ ತಂಗಿಯ ಜೊತೆ.’ ಕೈಮುಗಿಯುವುದು ತಟ್ಟನೆ ನಿಂತಿತು.

ನಮ್ಮ ಯಜಮಾನರು ನಡುಮನೆಯಿಂದ ಫೋನು ಹಿಡಿದುಕೊಂಡೇ ಬಂದರು.

“ಏನೇ ಇದು? ಊರ ಉಸಾಬರಿ ಎಲ್ಲ ನಿನಗೇ ಬೇಕಾ?”

“ಬೆಳಿಗ್ಗೆ ನೀರಿನ ಉಸಾಬರಿ ನನಗೇ ಇತ್ತಲ್ಲ. ಆಗ ಏನೂ ಅನ್ನಲಿಲ್ಲ ನೀವು.”

“ಮಾತಿಗೆ ಮಾತು ಜೋಡಿಸ್ಬೇಡ. ನಾಳೆ ಅವರ ಮುಖ ನಾನು ಹೇಗೆ ನೋಡ್ಲಿ?”

“ನೋಡ್ಬೇಡಿ. ಅವರೇ ನೋಡ್ಕೋತಾರೆ, ಆರು ಕ್ಯಾಮೆರಾ ಇದೆ.”

ನಗು ಬಂದರೂ ಇವರು ತಡೆದುಕೊಂಡು, “ನಿನ್ನ ಹತ್ರ ಮಾತಾಡಿ ಗೆದ್ದವರುಂಟಾ?” ಎನ್ನುತ್ತ ನಡುಮನೆಗೆ ಹೋದರು. ಟಿವಿ ಸದ್ದು ಜಾಸ್ತಿಯಾಯಿತು.

ನಾನು ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂತೆ. ಹನ್ನೊಂದು ಗಂಟೆ ಎಂದೋ ಕಳೆದುಹೋಗಿತ್ತು. ದೂರದ ಊರಿನ ಆ ತಂಗಿ ಎಷ್ಟು ಹೊತ್ತು ಪರದೆ ನೋಡಿ ಕಾದಳೋ. ಅಕ್ಕನಿಗೆ ಏನಾಯಿತೆಂದು ಯಾರನ್ನು ಕೇಳಿದಳೋ, ಯಾವ ಕೈಯಲ್ಲಿ.

ಮಡಚಿದ ದಿಂಬಿನ ಚೀಲ ಪಕ್ಕಕ್ಕಿಟ್ಟು ಗೇಟಿನ ಆ್ಯಪ್ ತೆರೆದೆ. ಕೆಲಸದವರ ನಂಬರು ಸೆಕ್ರೆಟರಿಯ ಕೈಯಲ್ಲಿದೆ, ಅಲ್ಲಿ ನಾನು ಏನೂ ಮಾಡುವಂತಿಲ್ಲ. ಕೆಳಗೆ ‘ಮನೆಯ ಸದಸ್ಯರು’ ಎಂದಿತ್ತು. ಅದು ಆಯಾ ಮನೆಯವರ ಕೈಯಲ್ಲಿ. ಮನೆಯ ಜನ ಯಾರೆಂದು ಮನೆಯವರೇ ಹೇಳಬೇಕು. ಅದಕ್ಕೆ ಪೋಲ್ ಇಲ್ಲ. ನಮ್ಮಲ್ಲಿ ಎರಡು ಹೆಸರು, ಇವರದು ಮತ್ತು ನನ್ನದು. ಅದರ ಕೆಳಗೆ ‘ಸೇರಿಸಿ’.

ಹೆಸರಿನ ಜಾಗದಲ್ಲಿ ಮೆಟ್ಟಿಲಮ್ಮನ ನಿಜವಾದ ಹೆಸರು ಬರೆದೆ. ಈ ಕಟ್ಟಡದಲ್ಲಿ ಅದನ್ನು ತಿಳಿದವರು ಮೂವರೂ ಇರಲಾರರು. ‘ಸಂಬಂಧ’ ಎಂದು ಕೇಳಿತು. ಪಟ್ಟಿ ಉದ್ದವಿತ್ತು. ಮಗ, ಮಗಳು, ಸೊಸೆ, ಅತ್ತೆ, ನಾದಿನಿ. ನಾಳೆ ಗೇಟು ಹಸಿರು ದೀಪ ತೋರಿಸಿದ ಗಳಿಗೆಯಲ್ಲೇ ಸೆಕ್ರೆಟರಿಗೆ ತಿಳಿಯುತ್ತದೆ. ಯಾವ ಕಡೆಯ ಸಂಬಂಧ ಎಂದು ಕೇಳುತ್ತಾರೆ. ಕೇಳಲಿ. ಹನ್ನೊಂದಕ್ಕೆ ಅವಳು ಮೆಟ್ಟಿಲ ಮೇಲೆ ಕೂರುವುದು ಬೇಡ, ನಮ್ಮ ನಡುಮನೆಯಲ್ಲಿ ಬೆಳಕು ಚೆನ್ನಾಗಿದೆ, ಕೈಗಳು ಸ್ಪಷ್ಟವಾಗಿ ಕಾಣುತ್ತವೆ.

ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೂ ಒಮ್ಮೆ ಓದಿದೆ. ಓದಿದ ಮೇಲೆ ‘ತಂಗಿ’ ಒತ್ತಿದೆ.

“ಏನ್ ಮಾಡ್ತಿದ್ದೀಯೇ, ಸದ್ದೇ ಇಲ್ಲ?” ಎಂದು ಇವರು ನಡುಮನೆಯಿಂದ ಕೇಳಿದರು.

“ಬಟ್ಟೆ ಮಡಚ್ತಿದ್ದೀನಿ,” ಅಂದೆ.